ಚೆರೋಕಿ ಊರಿನಲ್ಲಿ ಮಣ್ಣು, ಮರ ಮತ್ತು ಒಂದು ಹಲಗೆ

ಗುರುವಾರ

ಅಕ್ಟೋಬರ್‌ನಲ್ಲಿ ಸ್ಮೋಕಿ ಬೆಟ್ಟಗಳ ಕಡೆ ಹೊರಟರೆ ಎಲ್ಲರೂ ಕೇಳೋದು ಒಂದೇ, "ಎಲೆ ಬಣ್ಣ ನೋಡೋಕಾ?" ಅಂತ. ನಮ್ಮವರು ರೂಮು ಬುಕ್ ಮಾಡಿದ್ದೂ ಅದಕ್ಕೇ. ಆದರೆ ಊರಿಂದ ಬಂದಿದ್ದ ಅಪ್ಪನ ಲೆಕ್ಕ ಬೇರೆ ಇತ್ತು. ಅಪ್ಪ ತಿಪಟೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ನ್ಯೂಯಾರ್ಕ್, ನಯಾಗರ ಎಲ್ಲ ತೋರಿಸಿ ಆಗಿತ್ತು. "ಇವೆಲ್ಲ ಆಯ್ತಮ್ಮ. ಇವರೆಲ್ಲ ಬರೋಕೆ ಮುಂಚೆ ಇಲ್ಲಿದ್ದೋರು ಈಗ ಎಲ್ಲಿದ್ದಾರೆ? ಅವರ ಕೈಕೆಲಸ ಏನಾದ್ರೂ ಉಳಿದಿದೆಯಾ?" ಅಂತ ಒಂದು ರಾತ್ರಿ ಊಟದ ಹೊತ್ತಲ್ಲಿ ಕೇಳಿದರು. ನಾವಿರುವ ಉತ್ತರ ಕೆರೊಲೈನಾದ ಶಾರ್ಲೆಟ್‌ನಿಂದ ಮೂರು ಗಂಟೆಯ ದಾರಿಯಲ್ಲಿ ಅವರದ್ದೇ, ಚೆರೋಕಿ ಎಂಬ ಮೂಲನಿವಾಸಿಗಳ ಊರಿದೆ, ಊರಿನ ಹೆಸರೂ ಚೆರೋಕಿ ಅಂದೆ. ಅಲ್ಲಿಗೆ ಪ್ಲಾನ್ ಬದಲಾಯಿತು. ಎಲೆ ಹೇಗೂ ದಾರಿಯಲ್ಲಿ ಸಿಗುತ್ತೆ, ಅಲ್ವಾ?

ನಾನು, ನಮ್ಮವರು, ಅಪ್ಪ, ಅಮ್ಮ, ಮಗಳು. ಡಿಕ್ಕಿಯಲ್ಲಿ ಅಮ್ಮನ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಪುಟ್ಟ ರೈಸ್ ಕುಕ್ಕರ್. ಆಶ್‌ವಿಲ್ ದಾಟಿ, ವೇನ್ಸ್‌ವಿಲ್ ಹತ್ತಿರ 74ನೇ ಹೆದ್ದಾರಿ ಹಿಡಿದ ಮೇಲೆ ಬೆಟ್ಟ ಶುರು. ಹಳದಿ, ಕೆಂಪು, ಮಧ್ಯೆ ಮಧ್ಯೆ ಇನ್ನೂ ಹಟ ಬಿಡದ ಹಸಿರು. ಮಧ್ಯಾಹ್ನ ಚೆರೋಕಿ ಸೇರುವಷ್ಟರಲ್ಲಿ ರಸ್ತೆ ತುಂಬ ಕಾರು.

ಈ ಜಾಗಕ್ಕೆ ಕ್ವಾಲಾ ಬೌಂಡರಿ ಅನ್ನುತ್ತಾರೆ. ಸುಮಾರು 57,000 ಎಕರೆ. ಸರ್ಕಾರ ತೆಗೆದಿಟ್ಟು ಕೊಟ್ಟ ಮೀಸಲು ಜಾಗ ಅಲ್ಲ ಇದು. 1838ರಲ್ಲಿ ಅಮೆರಿಕದ ಸೈನ್ಯ ಸುಮಾರು 16,000 ಚೆರೋಕಿ ಜನರನ್ನು ಮನೆಗಳಿಂದ ಎಬ್ಬಿಸಿ, ಈಗಿನ ಓಕ್ಲಹೋಮಾಕ್ಕೆ ಅಟ್ಟಿತು. ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತವರು ನಾಲ್ಕು ಸಾವಿರ ಅಂತ ಅಂದಾಜು. ಕಣ್ಣೀರಿನ ಹಾದಿ ಅಂತ ಚರಿತ್ರೆಯ ಪುಸ್ತಕಗಳಲ್ಲಿ ಬರುತ್ತಲ್ಲ, ಅದು. ಆಗ ಈ ಬೆಟ್ಟಗಳಲ್ಲಿ ಉಳಿದುಕೊಂಡವರು, ಅಡಗಿ ಕೂತವರು, ಆಮೇಲೆ ತಿರುಗಿ ಬಂದವರು, ಇವರ ಮಕ್ಕಳು ಮೊಮ್ಮಕ್ಕಳೇ ಇವತ್ತಿನ ಈಸ್ಟರ್ನ್ ಬ್ಯಾಂಡ್, ಅಂದರೆ ಪೂರ್ವದ ಚೆರೋಕಿ ಬುಡಕಟ್ಟು. ಅವರ ಹೆಸರಲ್ಲಿ ಜಮೀನು ಇಟ್ಟುಕೊಳ್ಳೋಕೆ ಕಾನೂನು ಬಿಡುತ್ತಿರಲಿಲ್ಲ. ವಿಲಿಯಂ ಹಾಲೆಂಡ್ ಥಾಮಸ್ ಎಂಬ ಬಿಳಿಯ ವ್ಯಾಪಾರಿ, ಚೆರೋಕಿಗಳ ನಡುವೆಯೇ ಬೆಳೆದವನು, ಅವರ ದುಡ್ಡಿನಲ್ಲಿ ತನ್ನ ಹೆಸರಿಗೆ ಎಕರೆ ಎಕರೆ ಕೊಂಡ. ತಮ್ಮದೇ ನೆಲವನ್ನು ತಾವೇ ದುಡ್ಡು ಕೊಟ್ಟು ಕೊಂಡರು ಅನ್ನಿ.

ಊರಿನ ಮುಖ್ಯ ರಸ್ತೆ ಮಾತ್ರ ಮೊದಲ ನೋಟಕ್ಕೆ ನಿರಾಸೆ ಮಾಡಿತು. ಸಾಲು ಸಾಲು ಅಂಗಡಿ. ಬಾಗಿಲಲ್ಲಿ ಬಣ್ಣದ ಟೋಟೆಮ್ ಕಂಬ, ಒಂದರ ಮೇಲೊಂದು ಮುಖ ಕೆತ್ತಿದ್ದು. ಎಲ್ಲೋ ಒಂದು ಕಡೆ ಚೂಪು ಡೇರೆ, ಉದ್ದ ಗರಿಗಳ ಕಿರೀಟ. ಟೋಟೆಮ್ ಕಂಬ ಪೆಸಿಫಿಕ್ ಕರಾವಳಿಯ ಜನರದ್ದು. ಡೇರೆ, ಗರಿ ಕಿರೀಟ ಬಯಲು ಸೀಮೆಯ ಕುದುರೆ ಸವಾರರದ್ದು. ಚೆರೋಕಿಗಳು ಮರ, ಮಣ್ಣಿನ ಮನೆ ಕಟ್ಟಿ, ಮೆಕ್ಕೆಜೋಳ ಬೆಳೆದು ಊರು ಮಾಡಿಕೊಂಡು ಇದ್ದವರು. 1934ರಲ್ಲಿ ಪಕ್ಕದಲ್ಲೇ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕ್ ಆಯಿತು. ಪ್ರವಾಸಿಗಳು ಕಾರು ಹತ್ತಿ ಬಂದರು, ಸಿನಿಮಾದಲ್ಲಿ ನೋಡಿದ್ದ 'ಇಂಡಿಯನ್' ಎಲ್ಲಿ ಅಂತ ಕೇಳಿದರು. ಹೊಟ್ಟೆಪಾಡು. ಕೇಳಿದ್ದನ್ನು ಕೊಟ್ಟರು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅಪ್ಪ ಮಾತ್ರ, "ಇದನ್ನ ನೋಡೋಕೆ ಮೂರು ಗಂಟೆ ಬಂದ್ವಾ?" ಅಂದರು.

ಮಗಳು ಮಾತ್ರ ಖುಷಿಯಾಗಿದ್ದಳು. ಬೀದಿ ಹೆಸರಿನ ಬೋರ್ಡುಗಳಲ್ಲಿ ಇಂಗ್ಲಿಷ್ ಜೊತೆ ಚೆರೋಕಿ ಲಿಪಿ. 1821ರ ಹೊತ್ತಿಗೆ ಸೆಕ್ವೋಯಾ ಎಂಬಾತ ಒಬ್ಬನೇ ಕೂತು ಕಟ್ಟಿದ ಲಿಪಿ ಅದು. ಆತನಿಗೆ ಇಂಗ್ಲಿಷ್ ಓದೋಕೆ ಬರುತ್ತಿರಲಿಲ್ಲ. ಈಗ ಬಳಕೆಯಲ್ಲಿರೋದು 85 ಅಕ್ಷರ, 1828ಕ್ಕೆ ಆ ಲಿಪಿಯಲ್ಲಿ ಪತ್ರಿಕೆಯೇ ಬಂತು. ಮಗಳು ರೂಮು ಸೇರುವಷ್ಟರಲ್ಲಿ ನೋಟ್‌ಬುಕ್ಕಿನ ಒಂದು ಪುಟ ತುಂಬಿಸಿದ್ದಳು.

ಶುಕ್ರವಾರ

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಮ್ಯೂಸಿಯಂ ಆಫ್ ದ ಚೆರೋಕಿ ಪೀಪಲ್ ಮುಂದೆ ನಿಂತಿದ್ದೆವು. 1948ರಲ್ಲಿ ಶುರುವಾದದ್ದು. 2023ರವರೆಗೆ ಹೆಸರಿನಲ್ಲಿ 'ಇಂಡಿಯನ್' ಅಂತ ಇತ್ತು, ಈಗ ಬದಲಾಯಿಸಿದ್ದಾರೆ. ಎದುರಿಗೆ ಸೆಕ್ವೋಯಾನ ಭಾರಿ ಮರದ ಮೂರ್ತಿ. ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಉಳಿ ಗುರುತು ಹಾಗೇ ಬಿಟ್ಟಿದ್ದಾನೆ, ಚೆನ್ನಾಗಿದೆ" ಅಂದರು. ಅದನ್ನು ಕೆತ್ತಿದವರು ಚೆರೋಕಿ ಅಲ್ಲ, ಹಂಗೇರಿಯಲ್ಲಿ ಹುಟ್ಟಿದ ಪೀಟರ್ ಟಾತ್. ಅಮೆರಿಕದ ಊರೂರು ತಿರುಗಿ ಇಂಥ ದೊಡ್ಡ ದೊಡ್ಡ ತಲೆ ಕೆತ್ತಿಟ್ಟವರು.

ಒಳಗೆ ನಮಗೆ ಜಾಸ್ತಿ ಹೊತ್ತು ಹಿಡಿದದ್ದು ಮಡಕೆಗಳು. ಸಮಾಧಿಗಳಿಂದ ತೆಗೆದ ವಸ್ತುಗಳನ್ನು ಈಗ ಪ್ರದರ್ಶನದಿಂದ ಹಿಂದಕ್ಕೆ ತೆಗೆದಿದ್ದಾರೆ. ಸತ್ತವರ ಜೊತೆ ಇಟ್ಟದ್ದು ಟಿಕೆಟ್ ಕೊಂಡವರು ನೋಡೋಕಲ್ಲ ಅನ್ನೋದು ಅವರ ನಿಲುವು. ಸರಿಯಾದದ್ದೇ. ಉಳಿದವುಗಳಲ್ಲಿ ಹಳೆಯ ಅಡುಗೆ ಮಡಕೆಗಳ ಮೈ ನೋಡಬೇಕು. ನುಣುಪಾಗಿಲ್ಲ. ಮೈತುಂಬ ಅಚ್ಚೊತ್ತಿದ ಗೆರೆ, ಸುರುಳಿ, ಚೌಕದೊಳಗೆ ಚೌಕ. ಒಂದು ಅಚ್ಚಿನ ಮೇಲೆ ಇನ್ನೊಂದು ಬಿದ್ದು ಸ್ವಲ್ಪ ಕಲಸಿಕೊಂಡಿದೆ. ಪಕ್ಕದಲ್ಲೇ ನೂರು ವರ್ಷದ ಈಚಿನ ಮಡಕೆಗಳು ಬೇರೆಯೇ ಥರ. ಚಿಕ್ಕವು, ಕಪ್ಪು, ಕನ್ನಡಿಯಂತೆ ಹೊಳೆಯೋವು. ಎರಡು ಬಾಯಿ, ಮೇಲೆ ಒಂದು ಹಿಡಿ ಇರುವ 'ಮದುವೆ ಹೂಜಿ' ಬೇರೆ.

ಎರಡೂ ಒಂದೇ ಜನರದ್ದಾ ಅಂತ ಅಪ್ಪನಿಗೆ ಅನುಮಾನ. ಅಲ್ಲಿಂದಲೇ ಈ ಪ್ರವಾಸದ ನಿಜವಾದ ಕಥೆ ಶುರುವಾದದ್ದು.

ಕಥೆ ಹೀಗಿದೆ. ಕಬ್ಬಿಣದ ಪಾತ್ರೆ ಬಂದ ಮೇಲೆ ಮಣ್ಣಿನ ಅಡುಗೆ ಮಡಕೆ ಯಾರಿಗೆ ಬೇಕು? ಹತ್ತೊಂಬತ್ತನೇ ಶತಮಾನದಲ್ಲಿ ಆ ಅಚ್ಚಿನ ಮಡಕೆ ನಿಧಾನಕ್ಕೆ ಮರೆಯಾಯಿತು. 1840ರ ಹೊತ್ತಿಗೆ ದಕ್ಷಿಣ ಕೆರೊಲೈನಾದ ಕಟಾಬಾ ಜನರಲ್ಲಿ ಕೆಲವರು ನೆಲ ಕಳಕೊಂಡು ಇಲ್ಲಿಗೆ ಬಂದು ಚೆರೋಕಿಗಳ ಜೊತೆ ನೆಲೆಸಿದರು. ಅವರ ಹೆಂಗಸರು ಮಡಕೆ ಮಾಡೋದರಲ್ಲಿ ಎತ್ತಿದ ಕೈ. ಮೈಯನ್ನು ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತರೋದು, ಹೊಗೆಯಲ್ಲಿ ಕಪ್ಪು ಮಾಡೋದು ಅವರಿಂದ ಇಲ್ಲಿ ಹರಡಿತು. 1908ರಲ್ಲಿ ಎಂ.ಆರ್. ಹ್ಯಾರಿಂಗ್ಟನ್ ಎಂಬ ಸಂಶೋಧಕ ಬಂದಾಗ ಹಳೆಯ ಕ್ರಮ ಬಲ್ಲವರು ಬೆರಳೆಣಿಕೆಯಷ್ಟು. ಇವಿ ಕಟಾಲ್ಸ್ಟಾ ಎಂಬಾಕೆ ಆತನ ಎದುರು ಕೂತು, ಕೆತ್ತಿದ ಹಲಗೆಯಿಂದ ಬಡಿದು ಮಡಕೆ ಮಾಡಿ ತೋರಿಸಿದಳು. ಆಮೇಲೆ ಪ್ರವಾಸಿಗಳ ಕಾಲ. ಕಾರಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗೋಕೆ ಚಿಕ್ಕ, ಹೊಳೆಯುವ, ಕಪ್ಪು ಮಡಕೆಯೇ ಸರಿ. ಹಾಗಾಗಿ ಒಂದು ಪೂರ್ತಿ ತಲೆಮಾರಿಗೆ 'ಚೆರೋಕಿ ಮಡಕೆ' ಅಂದರೆ ಅದೇ ಆಯಿತು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಈ ಮ್ಯೂಸಿಯಂನವರೇ ಕಮ್ಮಟ ನಡೆಸಿ, ಹಳೆಯ ಚೂರುಗಳನ್ನು ಕುಂಬಾರರ ಕೈಗೆ ಕೊಟ್ಟು, ಅಚ್ಚಿನ ಮಡಕೆಯನ್ನು ಮತ್ತೆ ಕಲಿಯೋಕೆ ದಾರಿ ಮಾಡಿದರು. ಚೆರೋಕಿ ಪಾಟರ್ಸ್ ಗಿಲ್ಡ್ ಎಂಬ ಕುಂಬಾರರ ಸಂಘ ಹುಟ್ಟಿದ್ದು ಹಾಗೆ. ಹೀಗೆ ಕಲಿತದ್ದನ್ನು 'ಪರಂಪರೆ' ಅನ್ನಬಹುದಾ ಅಂತ ಕೇಳುವವರಿದ್ದಾರೆ. ನನ್ನ ಮಟ್ಟಿಗೆ, ಅಜ್ಜಿ ಕಲಿಸದೇ ಹೋದದ್ದನ್ನು ಅಜ್ಜಿಯ ಅಜ್ಜಿಯ ಮಡಕೆ ಚೂರಿನಿಂದ ಕಲಿತರೆ ಅದಕ್ಕೆ ಬೆಲೆ ಇನ್ನೂ ಹೆಚ್ಚು.

ಮಧ್ಯಾಹ್ನ ಗುಡ್ಡದ ಮೇಲಿನ ಓಕೋನಲುಫ್ಟಿ ಇಂಡಿಯನ್ ವಿಲೇಜ್‌ಗೆ ಹೋದೆವು. 1952ರಿಂದ ಇದೆ. 1760ರ ಸುಮಾರಿನ ಚೆರೋಕಿ ಊರೊಂದನ್ನು ಕಾಡಿನ ನಡುವೆ ಕಟ್ಟಿ ನಿಲ್ಲಿಸಿದ್ದಾರೆ. ಏಳು ಕುಲಗಳಿಗೆ ಏಳು ಮೂಲೆಯ ಸಭಾಮನೆ. ಒಂದು ಕಡೆ ಬೆಂಕಿಯಲ್ಲಿ ಸುಟ್ಟು ಸುಟ್ಟು ದೋಣಿ ಟೊಳ್ಳು ಮಾಡುತ್ತಾರೆ, ಇನ್ನೊಂದು ಕಡೆ ಬುಟ್ಟಿ ಹೆಣೆಯುತ್ತಾರೆ. ಮಗಳು ಮತ್ತು ನಮ್ಮವರು ಊದುಕೊಳವೆ ಬಾಣದ ಹತ್ತಿರ ನಿಂತುಬಿಟ್ಟರು. ಅಪ್ಪ ಸೀದಾ ಮಣ್ಣಿನ ಕಡೆ.

ಮಡಕೆ ಮಾಡುತ್ತಿದ್ದ ಹೆಂಗಸಿಗೆ ಅಮ್ಮನ ವಯಸ್ಸಿರಬಹುದು. ತಿಗರಿ ಇಲ್ಲ. ಇಲ್ಲಿ ಯಾವತ್ತೂ ಇರಲಿಲ್ಲ. ತೊಡೆಯ ಮೇಲೆ ಒಂದು ಬಟ್ಟೆ, ಪಕ್ಕದಲ್ಲಿ ನೀರಿನ ಬಟ್ಟಲು. ಮಣ್ಣನ್ನು ಅಂಗೈಯಲ್ಲಿ ಹೊಸೆದು ಹಾವಿನಂತೆ ಉದ್ದ ಮಾಡಿ, ತಳದ ಮೇಲೆ ಸುತ್ತು ಸುತ್ತಾಗಿ ಏರಿಸುತ್ತಿದ್ದರು. ಪ್ರತಿ ಸುತ್ತಿಗೂ ಹೆಬ್ಬೆರಳಿನಿಂದ ಕೆಳಗಿನ ಸುತ್ತಿಗೆ ಒತ್ತಿ ಬೆಸೆಯೋದು. ಅಷ್ಟಾದ ಮೇಲೆ ಹಲಗೆ ಕೈಗೆ ತೆಗೆದುಕೊಂಡರು.

ಆ ಹಲಗೆಯನ್ನು ಕೇಳಿ ಇಸಿದುಕೊಂಡು ನೋಡಿದೆವು. ಒಂದು ಮೊಳಕ್ಕಿಂತ ಚಿಕ್ಕದು, ಹಿಡಿ ಕೈಬೆವರಿಗೆ ಕಪ್ಪಾಗಿದೆ. ಅಗಲ ತುದಿಯಲ್ಲಿ ವೃತ್ತದೊಳಗೆ ವೃತ್ತ, ನಡುವೆ ಒಂದು ಚುಕ್ಕಿ. ಗೆರೆಗಳ ಆಳ ಒಂದು ಅಕ್ಕಿಕಾಳಿನ ದಪ್ಪ. ಮಣ್ಣು ಸಿಕ್ಕಿ ಕೆಲವು ಗೆರೆ ಮುಚ್ಚಿತ್ತು, ಆಕೆ ಕಡ್ಡಿಯಿಂದ ಗೀರಿ ತೆಗೆದರು. ಹಲಗೆಯನ್ನು ನೀರಿಗೆ ಅದ್ದಿ, ಎಡಗೈಯಲ್ಲಿ ದುಂಡು ಕಲ್ಲು ಹಿಡಿದು ಮಡಕೆಯ ಒಳಗಿನಿಂದ ಆನಿಸಿ, ಹೊರಗಿನಿಂದ ಬಡಿದರು. ಟಪ್. ಮಡಕೆ ಸ್ವಲ್ಪ ತಿರುಗಿಸಿ, ಟಪ್. ಹಲಗೆ ಒಣಗಿದ್ದರೆ ಮಣ್ಣು ಅಂಟಿಕೊಂಡು ಕಿತ್ತು ಬರುತ್ತದೆ, ಒದ್ದೆ ಜಾಸ್ತಿಯಾದರೆ ಅಚ್ಚು ಕಲಸಿ ಹೋಗುತ್ತದೆ. ಹೊಡೆತ ಬಿದ್ದ ಕಡೆ ಗೋಡೆ ತೆಳುವಾಗುತ್ತಾ, ಗಟ್ಟಿಯಾಗುತ್ತಾ ಹೋಯಿತು. ಸುತ್ತುಗಳ ನಡುವಿನ ಸಂದು ಮಾಯವಾಯಿತು. ಅಂದರೆ ಚಿತ್ತಾರ ಬರೀ ಚೆಂದಕ್ಕಲ್ಲ. ಮಡಕೆ ಒಡೆಯದಂತೆ ಮಾಡುವ ಕೆಲಸವೇ ಚಿತ್ತಾರವನ್ನೂ ಮಾಡುತ್ತಿದೆ.

ಅಪ್ಪ ಕುಕ್ಕರಗಾಲಲ್ಲಿ ಕೂತೇ ಬಿಟ್ಟರು. "ನಮ್ಮೂರಲ್ಲಿ ಕುಂಬಾರರು ಹಿಂಗೇ ಒಳಗೊಂದು ಕಲ್ಲು, ಹೊರಗೊಂದು ಹಲಗೆ ಇಟ್ಕೊಂಡು ತಟ್ತಾರಲ್ಲ, ಅದೇ ಕೈ. ಆದ್ರೆ ನಮ್ಮೋರ ಹಲಗೇಲಿ ಕೆತ್ತನೆ ಇರಲ್ಲ, ಮೈ ನುಣುಪಾಗಬೇಕು ನಮ್ಗೆ" ಅಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಕ್ಕು, ಅಪ್ಪನ ಕೈಗೆ ಹಲಗೆ ಕೊಟ್ಟು ಪಕ್ಕದಲ್ಲಿದ್ದ ಮಣ್ಣಿನ ಬಿಲ್ಲೆ ತೋರಿಸಿದರು. ಅಪ್ಪ ಬಡಿದ ಬಡಿತಕ್ಕೆ ಬಿಲ್ಲೆ ರೊಟ್ಟಿಯಾಯಿತು. ಅಮ್ಮ, "ರೀ, ಮೆತ್ತಗೆ!" ಅಂತ ಕೂಗಿದರು.

ಹಲಗೆ ಯಾರು ಕೆತ್ತೋದು ಅಂತ ಕೇಳಿದೆ. ಕೆಲವರು ತಾವೇ ಕೆತ್ತಿಕೊಳ್ಳುತ್ತಾರಂತೆ, ಕೆಲವರಿಗೆ ಮನೆಯ ಮರಗೆಲಸದವರು ಮಾಡಿ ಕೊಡುತ್ತಾರಂತೆ. ಕೆತ್ತುವಾಗ ಎಲ್ಲ ಉಲ್ಟಾ ಯೋಚಿಸಬೇಕು. ಹಲಗೆಯಲ್ಲಿ ತೋಡಿದ ಜಾಗ ಮಡಕೆಯ ಮೇಲೆ ಉಬ್ಬಿ ಬರುತ್ತದೆ, ಎಡ ಬಲವಾಗುತ್ತದೆ. ನಾವು ಮಡಕೆ ಬೇರೆ, ಮರಗೆತ್ತನೆ ಬೇರೆ ಅಂತ ಎರಡು ಕೋಣೆ ಮಾಡಿಕೊಂಡು ಬಂದಿದ್ದೆವು. ಇಲ್ಲಿ ಮರ ಕೆತ್ತದೆ ಮಡಕೆ ಆಗೋದೇ ಇಲ್ಲ.

ಸುಡೋದು ಬಯಲಲ್ಲಿ, ಆವಿಗೆ ಇಲ್ಲ. ಒಣಗಿದ ಮಡಕೆಯನ್ನು ಮೊದಲು ಬೆಂಕಿಯ ಹತ್ತಿರ ಇಟ್ಟು ಗಂಟೆಗಟ್ಟಲೆ ಬಿಸಿ ಮಾಡುತ್ತಾರೆ. ತೇವ ಒಂಚೂರು ಉಳಿದರೂ ಢಬ್ ಅಂತ ಒಡೆಯುತ್ತದೆ. ಆಮೇಲೆ ಕೆಂಡದೊಳಗೆ. ಯಾವ ಮರ ಉರಿಸುತ್ತೀರಿ, ಎಷ್ಟು ಹೊಗೆ ಕೂಡಿಸುತ್ತೀರಿ ಅನ್ನೋದರ ಮೇಲೆ ಬಣ್ಣ. ಮೆರುಗು ಬಳಿಯೋದಿಲ್ಲ. ಹಾಗಾದರೆ ನೀರು ಜಿನುಗೋಲ್ವಾ? ಹಿಂದೆ ಒಳಗಡೆ ಮೆಕ್ಕೆಜೋಳದ ದಿಂಡು, ತೌಡು ಸುಟ್ಟು ಹೊಗೆ ಹಿಡಿಸುತ್ತಿದ್ದರಂತೆ. ಆ ಮಸಿ ಮಣ್ಣಿನ ರಂಧ್ರಗಳಲ್ಲಿ ಕೂತರೆ ಸಾಕಷ್ಟು ತಡೆಯುತ್ತದೆ.

ಈ ವಿಲೇಜಿನಲ್ಲೇ 35 ವರ್ಷಕ್ಕೂ ಹೆಚ್ಚು ಕಾಲ ಕೂತು ಮಡಕೆ ಮಾಡಿದವರು ಅಮಾಂಡಾ ಸ್ವಿಮ್ಮರ್. ಹುಟ್ಟಿದ್ದು 1921ರಲ್ಲಿ, ಬಿಗ್ ಕೋವ್ ಎಂಬ ಕಣಿವೆಯಲ್ಲಿ. ತಮ್ಮ ಜಮೀನಿನಲ್ಲಿ ಸಿಕ್ಕ ಮಣ್ಣಿನಲ್ಲಿ ತಾವೇ ಕೈ ಪಳಗಿಸಿಕೊಂಡವರು. 2018ರಲ್ಲಿ ಅವರ ಬುಡಕಟ್ಟು 'ಬಿಲವೆಡ್ ವುಮನ್' ಎಂಬ ತನ್ನ ಅತಿ ದೊಡ್ಡ ಗೌರವ ಕೊಟ್ಟಿತು. ಅದೇ ವರ್ಷ, 97ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳದ ಕುಂಬಾರರು ಈ ಊರಲ್ಲಿ ನಮಗೆ ಸಿಗಲಿಲ್ಲ.

ಮರ ಕೆತ್ತುವವರ ಜಗಲಿ ಪಕ್ಕದಲ್ಲೇ ಇತ್ತು. ಯುವಕನೊಬ್ಬ ಬಕ್‌ಐ ಮರದ ತುಂಡಿನಿಂದ ಮುಖವಾಡ ತೆಗೆಯುತ್ತಿದ್ದ. ಬಿಳಿ ಮರ, ಹಗುರ, ಮೆದು. ಚಾಕುವನ್ನು ತನ್ನ ಕಡೆಗೇ ಎಳೆಯುತ್ತಾನೆ, ಸುರುಳಿ ಸುರುಳಿ ಹೊಟ್ಟು ಮಡಿಲಿಗೆ ಬೀಳುತ್ತದೆ. ಇಂಥ ಮುಖವಾಡಗಳಲ್ಲಿ ಹೆಸರುವಾಸಿಯಾದವು 'ಬೂಗರ್' ಮುಖವಾಡಗಳು. ಚಳಿಗಾಲದಲ್ಲಿ ಬೂಗರ್ ಕುಣಿತ ಅಂತ ನಡೆಯುತ್ತಿತ್ತು. ಸೊಟ್ಟ ಮೂಗು, ತುಪ್ಪಳದ ಗಡ್ಡ, ಪೊದೆ ಹುಬ್ಬು ಅಂಟಿಸಿಕೊಂಡು ಮನೆಗೆ ನುಗ್ಗಿ ಗಲಾಟೆ ಮಾಡೋದು. ಗಡ್ಡದವನು ಯಾರು? ಹೊರಗಿನಿಂದ ಬಂದ ಬಿಳಿಯ. ತಮ್ಮ ನೆಲ ಕಿತ್ತುಕೊಂಡವರನ್ನು ಕುಣಿದು, ನಕ್ಕು ಹಗುರ ಮಾಡಿಕೊಳ್ಳುವ ಉಪಾಯ. ಕಳೆದ ಶತಮಾನದಲ್ಲಿ ಈ ವಿದ್ಯೆಯನ್ನು ಕಾಪಾಡಿದವರಲ್ಲಿ ಬಿಗ್ ಕೋವ್‌ನ ವಿಲ್ ವೆಸ್ಟ್ ಲಾಂಗ್ ಮುಖ್ಯರು, 1947ರಲ್ಲಿ ತೀರಿಕೊಂಡರು. ಕೆತ್ತಿದ ಮುಖವಾಡಗಳಲ್ಲದೆ ಹಾಡು, ಮಂತ್ರ, ಮದ್ದಿನ ವಿದ್ಯೆಯೂ ಅವರ ತಲೆಯಲ್ಲಿತ್ತು.

ಸಂಜೆ ಕ್ವಾಲಾ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಮ್ಯೂಚುಯಲ್. ಮ್ಯೂಸಿಯಂ ಎದುರಿಗೇ ಇದೆ. 1946ರಲ್ಲಿ ಕುಶಲಕರ್ಮಿಗಳು ತಾವೇ ಸೇರಿ ಕಟ್ಟಿಕೊಂಡ ಸಹಕಾರ ಸಂಘ. ಕೆಲಸ ಪರೀಕ್ಷೆ ಮಾಡಿಯೇ ಸದಸ್ಯರನ್ನು ಸೇರಿಸಿಕೊಳ್ಳುತ್ತಾರೆ. ಮುಖ್ಯ ರಸ್ತೆಯ ಅಂಗಡಿಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಬಾಗಿಲು ದಾಟಿದ ಕೂಡಲೇ ಗೊತ್ತಾಗುತ್ತದೆ. ಪ್ರತಿ ವಸ್ತುವಿಗೂ ಮಾಡಿದವರ ಹೆಸರಿನ ಚೀಟಿ. ಬೆಲೆಯೂ ಹಾಗೇ ಇದೆ, ಸುಮ್ನೆ ಹೇಳಲ್ಲ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಮಾಂಡಾ ಕ್ರೋ ಅವರ ಮರದ ಕರಡಿ. ಕೂದಲು, ಉಗುರು, ಏನೂ ಕೆತ್ತಿಲ್ಲ. ಬೆನ್ನಿನ ಒಂದು ಬಾಗು, ಎತ್ತಿದ ಮೂತಿ, ಅಷ್ಟೇ. ಮರದ ನಾರು ಹೊಟ್ಟೆಯ ಮೇಲೆ ಸುತ್ತು ಸುತ್ತಾಗಿ ಹರಿಯುವಂತೆ ತುಂಡನ್ನು ಆರಿಸಿದ್ದಾರೆ. ಕ್ರೋ 1928ರಲ್ಲಿ ಹುಟ್ಟಿದವರು, ಚಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನ ಶಾಲೆಯಲ್ಲಿ ಓದಿದರು, ಮೆಕ್ಸಿಕೋದಲ್ಲೂ ಕಲಿತರು. ದೊಡ್ಡ ಊರಲ್ಲಿ ಹೆಸರು ಮಾಡಬಹುದಿತ್ತು. 1953ರಲ್ಲಿ ವಾಪಸ್ ಬಂದು ಚೆರೋಕಿ ಹೈಸ್ಕೂಲಿನಲ್ಲಿ ಮರಗೆತ್ತನೆ ಮೇಡಂ ಆದರು, ಸುಮಾರು ನಾಲ್ಕು ದಶಕ ಕಲಿಸಿದರು. ಅವರಿಗಿಂತ ಮುಂಚೆ ಅಲ್ಲಿ ಕಲಿಸಿದ್ದವರು ಅವರದೇ ಬಳಗದ ಗೋಯಿಂಗ್‌ಬ್ಯಾಕ್ ಚಿಲ್ಟಾಸ್ಕಿ. ಇವತ್ತು ಈ ಊರಲ್ಲಿ ಉಳಿ ಹಿಡಿದ ಯಾರನ್ನು ಕೇಳಿದರೂ ಎಳೆ ಹೋಗಿ ಅವರಿಬ್ಬರಲ್ಲಿ ಒಬ್ಬರಿಗೆ ಮುಟ್ಟುತ್ತದೆ. ಹೈಸ್ಕೂಲ್ ಮೇಷ್ಟ್ರು ಅಂದ ಕೂಡಲೇ ಅಪ್ಪನ ಎದೆ ಎರಡಿಂಚು ಉಬ್ಬಿತು.

ಶನಿವಾರ

ಬೆಳಿಗ್ಗೆ ಎದ್ದು ಓಕೋನಲುಫ್ಟಿ ವಿಸಿಟರ್ ಸೆಂಟರ್ ಹತ್ತಿರದ ಹುಲ್ಲುಗಾವಲಿಗೆ ಹೋದೆವು. ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು. 2001ರಲ್ಲಿ ಪಾರ್ಕಿನವರು ತಂದು ಬಿಟ್ಟದ್ದು ಈಗ ಚೆನ್ನಾಗಿ ಹೆಚ್ಚಿದೆ. ಬೆದೆಯ ಕಾಲ, ಗಂಡು ಕೂಗಿದ್ದೇ ಕೂಗಿದ್ದು. ನೂರು ಜನ ಫೋನ್ ಹಿಡಿದು ನಿಂತಿದ್ದರು. ಚೆಂದ ಇತ್ತು, ಅಷ್ಟು ಸಾಕು.

ಅಲ್ಲಿಂದ ದಕ್ಷಿಣಕ್ಕೆ, ಕಲವೀ ಕಡೆಗೆ. ದಾರಿಯಲ್ಲೇ ವೆಸ್ಟರ್ನ್ ಕೆರೊಲೈನಾ ವಿಶ್ವವಿದ್ಯಾಲಯ. ಚೆರೋಕಿ ಕಲಾವಿದ ಜೋಯಲ್ ಕ್ವೀನ್ ಓದಿದ್ದು ಇಲ್ಲಿ. ಅವರದ್ದು ಬಿಗ್‌ಮೀಟ್ ಮನೆತನ, ತಲೆತಲಾಂತರದಿಂದ ಮಡಕೆ ಮಾಡುವವರ ಮನೆ. ಆ ಮನೆತನದ ಲೂಯೀಸ್ ಬಿಗ್‌ಮೀಟ್ ಮೇನಿಯಂಥವರು ಹೊಳೆಯುವ ಕಪ್ಪು ಮಡಕೆಗೆ ಹೆಸರಾದವರು. ಜೋಯಲ್ ಕಪ್ಪು ಮಡಕೆಯನ್ನೂ ಬಿಡಲಿಲ್ಲ, ಹಳೆಯ ಅಚ್ಚಿನ ಮಡಕೆಯನ್ನೂ ಕೈಗೆತ್ತಿಕೊಂಡರು, ಕಲ್ಲು ಮರ ಕೆತ್ತುವುದನ್ನೂ ಮಾಡುತ್ತಾರೆ. ಹಿಂದಿನ ದಿನ ಕಂಡ ಹಲಗೆಯ ಎರಡು ಮುಖವೂ, ಮರದ್ದು ಮಣ್ಣಿನದ್ದು, ಒಬ್ಬರ ಕೈಯಲ್ಲೇ ಕೂಡಿದೆ ಅನ್ನೋದು ನನಗೆ ಅವರ ಬಗ್ಗೆ ಇಷ್ಟವಾದ ಸಂಗತಿ.

ನಾವು ಹೋದದ್ದು ಜುಡಕುಲ್ಲಾ ಬಂಡೆ ನೋಡೋಕೆ. ಕೇನಿ ಫೋರ್ಕ್ ಕಣಿವೆಯಲ್ಲಿ ಹೊಲಗಳ ನಡುವೆ ಒಂದು ದೊಡ್ಡ ಬಳಪದ ಕಲ್ಲು. ಅದರ ಮೈಮೇಲೆ ಸಾವಿರದ ಐನೂರಕ್ಕೂ ಹೆಚ್ಚು ಗುರುತು: ಗೆರೆ, ಗುಳಿ, ವೃತ್ತ, ಏಳು ಬೆರಳಿನ ಕೈಯಂಥ ಒಂದು ಆಕಾರ. ಓರೆಗಣ್ಣಿನ ದೈತ್ಯ ಜುಡಕುಲ್ಲಾ ಬೆಟ್ಟದಿಂದ ನೆಗೆದಾಗ ಇಲ್ಲಿ ಕೈಯೂರಿದ ಅಂತ ಚೆರೋಕಿ ಕಥೆ. ಆತ ಬೇಟೆಯ ಒಡೆಯ. ಮಧ್ಯಾಹ್ನದ ನೇರ ಬಿಸಿಲಿಗೆ ಅರ್ಧ ಗುರುತು ಕಾಣಲೇ ಇಲ್ಲ. ಹೊತ್ತು ಸರಿದು ಬಿಸಿಲು ಓರೆಯಾದಾಗ ಒಂದೊಂದಾಗಿ ಎದ್ದು ಬಂದವು. ಹೋಗುವವರು ಬೆಳಗ್ಗೆಯೋ ಸಂಜೆಯೋ ಹೋಗಿ.

ಅಪ್ಪನ ಕಣ್ಣು ಬಿದ್ದದ್ದು ಬೇರೆ ಕಡೆ. ಬಂಡೆಯ ಒಂದು ಪಕ್ಕದಲ್ಲಿ ಬಟ್ಟಲಿನಾಕಾರದ ಗಾಯಗಳಿವೆ. ಸಾವಿರಾರು ವರ್ಷದ ಹಿಂದೆ, ಇಲ್ಲಿ ಮಣ್ಣಿನ ಮಡಕೆ ರೂಢಿಗೆ ಬರುವ ಮುಂಚೆ, ಬಳಪದ ಕಲ್ಲನ್ನೇ ಕೆತ್ತಿ ಪಾತ್ರೆ ಮಾಡುತ್ತಿದ್ದರು. ಬಂಡೆಯ ಮೇಲೇ ಬೋಗುಣಿಯನ್ನು ಬೋರಲು ಕೆತ್ತಿ, ಬುಡ ಸವೆಸಿ, ಒಡೆದು ತೆಗೆಯೋದು. ತೆಗೆದ ಜಾಗ ಹಾಗೇ ಉಳಿದಿದೆ. "ಅಂದ್ರೆ ಇಲ್ಲಿ ಮೊದಲ ಪಾತ್ರೆ ಕೆತ್ತನೆಯೋರದ್ದೇ, ಕುಂಬಾರರದ್ದಲ್ಲ" ಅಂತ ಅಪ್ಪ ಮಗಳಿಗೆ ಪಾಠ ಶುರು ಮಾಡಿದರು. ಅವಳು, "ತಾತ, ಹಸಿವು" ಅಂದಳು.

ಚೆರೋಕಿಗೆ ವಾಪಸ್ ಬಂದು ಬೀನ್ ಬ್ರೆಡ್ ಹುಡುಕಿದೆವು. ಮೆಕ್ಕೆಜೋಳದ ಹಿಟ್ಟಿಗೆ ಬೆಂದ ಬೀನ್ಸ್ ಸೇರಿಸಿ, ಎಲೆಯಲ್ಲಿ ಕಟ್ಟಿ ನೀರಲ್ಲಿ ಬೇಯಿಸೋದು. ಕೆಲವರು ಹಂದಿ ಕೊಬ್ಬು ಹಾಕಿ ಬಡಿಸುತ್ತಾರೆ, ಕೇಳಿಯೇ ತಗೊಳ್ಳಿ. ಉಪ್ಪಿಲ್ಲ, ಖಾರವಿಲ್ಲ. ಅಮ್ಮ ಬ್ಯಾಗಿನಿಂದ ಚಟ್ನಿಪುಡಿ ತೆಗೆದರು. ಅಲ್ಲಿಗೆ ಎಲ್ಲರ ಸಮಸ್ಯೆ ಬಗೆಹರಿಯಿತು.

ಸಂಜೆ ಬ್ರೈಸನ್ ಸಿಟಿ ದಾರಿಯಲ್ಲಿ ಕಿಟುವಾ. ಚೆರೋಕಿಗಳ ತಾಯಿ ಊರು ಇದು. ಹಿಂದೆ ಇಲ್ಲಿ ಎತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಸಭಾಮನೆ, ಒಳಗೆ ಆರದ ಬೆಂಕಿ. ಊರು ಹೋದ ಮೇಲೆ ಹೊಲವಾಯಿತು, ಉತ್ತು ಉತ್ತು ದಿಬ್ಬ ತಗ್ಗಿತು. ಒಂದು ಕಾಲಕ್ಕೆ ಸಣ್ಣ ವಿಮಾನ ಇಳಿಯೋಕೂ ಬಳಸಿದರು. 1996ರಲ್ಲಿ ಈಸ್ಟರ್ನ್ ಬ್ಯಾಂಡ್ 309 ಎಕರೆಯನ್ನು ದುಡ್ಡು ಕೊಟ್ಟು ವಾಪಸ್ ಪಡೆಯಿತು. ನೋಡೋಕೆ ಏನೂ ಇಲ್ಲ, ನೆಲ ಸ್ವಲ್ಪ ಉಬ್ಬಿದಂತಿದೆ ಅಷ್ಟೇ. ಬೋರ್ಡು ಓದದೆ ಹೋದರೆ ದಾಟಿ ಹೋಗುತ್ತೀರಿ.

ಭಾನುವಾರ

ಬೆಳಿಗ್ಗೆ ಅಪ್ಪನ ಹಟಕ್ಕೆ ಮತ್ತೆ ಕ್ವಾಲಾ ಮ್ಯೂಚುಯಲ್‌ಗೆ ಹೋದೆವು. ಒಂದು ಅಚ್ಚಿನ ಮಡಕೆ ಬೇಕಂತೆ. ಕೊಳ್ಳುವಾಗ ಗಮನಿಸಬೇಕಾದದ್ದು ಒಂದಿದೆ. 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆ ಪ್ರಕಾರ, ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದ್ದು ಅಂತ ಮಾರಿದರೆ ಮೊದಲ ತಪ್ಪಿಗೇ ಎರಡೂವರೆ ಲಕ್ಷ ಡಾಲರ್ ತನಕ ದಂಡ, ಐದು ವರ್ಷದ ತನಕ ಜೈಲು ಆಗಬಹುದು. ಹಾಗಾಗಿ ಕಳ್ಳರು 'ಇಂಡಿಯನ್ ಶೈಲಿ' ಅಂತ ಬರೆದು ಬಚಾವಾಗುತ್ತಾರೆ. ಮಾಡಿದವರ ಹೆಸರು, ಬುಡಕಟ್ಟು ಕೇಳಿ. ಹೇಳದಿದ್ದರೆ ಬಿಟ್ಟು ಬನ್ನಿ. ಅಪ್ಪ ಆರಿಸಿದ್ದು ಅಂಗೈ ಅಗಲದ ಮಡಕೆ, ಮೈತುಂಬ ಓರೆ ಗೆರೆ, ಒಂದು ಪಕ್ಕ ಹೊಗೆ ಬಡಿದು ಕಪ್ಪು. ಬೆಲೆಯನ್ನು ರೂಪಾಯಿಗೆ ತಿರುಗಿಸಬೇಡಿ ಅಂತ ಅಮ್ಮನಿಗೆ ಮೊದಲೇ ಹೇಳಿದ್ದೆ. ಅಮ್ಮ ತಿರುಗಿಸಿದರು.

ವಾಪಸ್ ಬರುವಾಗ ಸುತ್ತು ಹಾಕಿ ಫ್ರಾಂಕ್ಲಿನ್ ಮೇಲೆ ಬಂದೆವು. ಅಲ್ಲಿ ಊರ ನಡುವೆಯೇ ನಿಕ್ವಾಸಿ ಎಂಬ ಹಳೆಯ ದಿಬ್ಬ, ಸುತ್ತ ರಸ್ತೆ, ಅಂಗಡಿ. ಆದರೆ ನನಗೆ ನೋಡಬೇಕಿದ್ದದ್ದು ಊರ ಹೊರಗಿನ ಒಂದು ರಸ್ತೆ ಬದಿಯ ಫಲಕ, ಚೆರೋಕಿಗಳ ಬಿಳಿ ಮಣ್ಣಿನ ಬಗ್ಗೆ. ಇಂಗ್ಲೆಂಡಿನ ಜೋಸಯಾ ವೆಜ್‌ವುಡ್ ಹೆಸರು ಪಿಂಗಾಣಿ ಗೊತ್ತಿದ್ದವರಿಗೆ ಗೊತ್ತು. ಆತನಿಗೆ ಅತಿ ಬಿಳಿಯ ಮಣ್ಣು ಬೇಕಿತ್ತು. 1767ರಲ್ಲಿ ಥಾಮಸ್ ಗ್ರಿಫಿತ್ಸ್ ಎಂಬಾತನನ್ನು ಕಳಿಸಿದ. ಗ್ರಿಫಿತ್ಸ್ ಕುದುರೆ ಏರಿ ಈ ಬೆಟ್ಟಕ್ಕೆ ಬಂದು, ಚೆರೋಕಿ ಮುಖಂಡರ ಒಪ್ಪಿಗೆ ಪಡೆದು, ಅಗೆಸಿ, ಸುಮಾರು ಐದು ಟನ್ ಮಣ್ಣನ್ನು ಚಾರ್ಲ್ಸ್‌ಟನ್ ಬಂದರಿಗೆ ಸಾಗಿಸಿ, ಹಡಗಿಗೇರಿಸಿದ. ಅಲ್ಲಿಂದ ಲಿವರ್‌ಪೂಲ್. ವೆಜ್‌ವುಡ್ ಅದರಿಂದ ಪ್ರಯೋಗ ಮಾಡಿದ. ಆದರೆ ಖರ್ಚು ತಲೆಮೇಲೆ. ಅಷ್ಟರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲೇ ಬಿಳಿ ಮಣ್ಣಿನ ಬಳಕೆ ಶುರುವಾಯಿತು, ಮತ್ತೆ ಯಾರೂ ಇಷ್ಟು ದೂರ ಮಣ್ಣಿಗಾಗಿ ಬರಲಿಲ್ಲ. ಎಪ್ಪತ್ತೊಂದು ವರ್ಷದ ನಂತರ ಬಂದವರು ಮಣ್ಣಿನ ಮೇಲಿದ್ದವರನ್ನೇ ಎಬ್ಬಿಸಿದರು.

ಎಬ್ಬಿಸಿಕೊಂಡು ಓಕ್ಲಹೋಮಾಕ್ಕೆ ಹೋದವರ ಕಡೆ ಕಥೆ ಬೇರೆ ಥರ ಮುಂದುವರಿದಿದೆ, ಅದನ್ನು ಕಾರಿನಲ್ಲಿ ಅಪ್ಪನಿಗೆ ಹೇಳಿದೆ. ಅಲ್ಲಿ ಮಡಕೆ ವಿದ್ಯೆ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. 1960ರ ದಶಕದ ಕೊನೆಯಲ್ಲಿ ಆನಾ ಮಿಚೆಲ್ ಎಂಬ ಗೃಹಿಣಿಯ ಗಂಡ, ಚಿತ್ರದಲ್ಲಿ ಸೆಕ್ವೋಯಾ ಹಿಡಿದಿದ್ದಾನಲ್ಲ, ಅಂಥ ಮಣ್ಣಿನ ಚಿಲುಮೆ ಮಾಡಿ ಕೊಡು ಅಂದನಂತೆ. ತಮ್ಮ ಜಮೀನಿನ ಕೊಳದ ಮಣ್ಣು ತೆಗೆದು ಶುರು ಮಾಡಿದರು. ಮ್ಯೂಸಿಯಂಗಳ ಹಳೆಯ ಮಡಕೆ ನೋಡಿ ನೋಡಿ ಆಗ್ನೇಯ ಸೀಮೆಯ ಆಕಾರ, ಚಿತ್ತಾರ ಎಲ್ಲ ಮತ್ತೆ ತಂದರು. 2012ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಅವರಿಂದ ಕಲಿತವರ ಒಂದು ಸಾಲೇ ಇತ್ತು, ಮಗಳೂ ಸೇರಿ.

"ಆ ಕಪ್ಪು ಹೊಳಪು ಕಲಿಸಿದ ಕಟಾಬಾದವರು ಈಗೆಲ್ಲಿದ್ದಾರೆ?" ಅಂತ ಅಪ್ಪ ಕೇಳಿದರು. ರಾಕ್ ಹಿಲ್ ಹತ್ತಿರ, ಕಟಾಬಾ ನದಿಯ ದಂಡೆಯಲ್ಲಿ, ನಮ್ಮ ಮನೆಯಿಂದ ಒಂದು ಗಂಟೆಯೊಳಗೆ ಅಂದೆ. ಅವರ ಮಡಕೆ ಕೆಲಸ ಒಂದು ತಲೆಮಾರಿಗೂ ನಿಂತಿದ್ದಿಲ್ಲ ಅಂತಲೂ ಹೇಳಿದೆ. ಅಪ್ಪ ಹಿಂದೆ ತಿರುಗಿ ಅಮ್ಮನನ್ನು ನೋಡಿದರು. ಅಮ್ಮ, "ಗೊಜ್ಜು ಇನ್ನೂ ಅರ್ಧ ಡಬ್ಬಿ ಇದೆ, ಬರೋ ಶನಿವಾರ ಹೋದ್ರಾಯ್ತು ಬಿಡಿ" ಅಂದರು.